ಒಂದು ಸುತ್ತಿನ ನಿದ್ದೆ

ಅವತ್ತು ಮುಂಜಾನೆ ಮಂಜು ಬಿದ್ದಿತ್ತು. ನಮ್ಮ ಊರಿಗೆ ಮಂಜು ಅಪರೂಪ. ಬಂದರೂ ಬಂದ ನೆಂಟರು ಬಾಗಿಲಲ್ಲೇ ಮಾತಾಡಿಸಿ ಹೋದ ಹಾಗೆ ಹೋಗಿಬಿಡುತ್ತದೆ. ಅವತ್ತಿನದು ಹಾಗಿರಲಿಲ್ಲ. ಆಗಷ್ಟೇ ಎಕ್ಕಿದ ಹತ್ತಿಯ ಹಾಗೆ ಓಣಿಯ ತುಂಬ ತುಂಬಿಕೊಂಡಿತ್ತು. ಗಾಳಿ ಇಲ್ಲ, ಸಪ್ಪಳ ಇಲ್ಲ. ನನ್ನ ಕೈಯಲ್ಲಿದ್ದ ಜಾಗಟೆ ನನಗೇ ಕಾಣುತ್ತಿರಲಿಲ್ಲ. ಎಡಗಾಲಿನ ಮೊಣಕಾಲು ಮಾತ್ರ, ನಾನು ಇಲ್ಲಿದ್ದೇನೆ ಎಂದು ಹೆಜ್ಜೆಹೆಜ್ಜೆಗೂ ಹೇಳುತ್ತಿತ್ತು. ಶಿವಾ ಎಂದು ಹೊರಟೆ. ಅವತ್ತು ಹನ್ನೊಂದನೆಯ ದಿನ. ಬಾಳವ್ವನ ಸೊಸೆ ಹೊಳೆವ್ವ ನಮ್ಮ ಊರಿನಲ್ಲಿ ಇರಬೇಕೋ ಹೋಗಬೇಕೋ ಎಂಬುದು ತೀರ್ಮಾನವಾಗುವ ದಿನ.

ನಮ್ಮ ಊರಿನಲ್ಲಿ ಎಲ್ಲರೂ ಏಳುವ ತನಕ ಸೂರ್ಯ ಹುಟ್ಟುವುದಿಲ್ಲ. ಹಾಲು ಕುಡಿಯುವ ಕೂಸು, ಕಾಯಿಲೆಯಿಂದ ಮಲಗಿದವರು, ಬಾಣಂತಿಯರು ಲೆಕ್ಕಕ್ಕಿಲ್ಲ. ಉಳಿದವರಲ್ಲಿ ಒಬ್ಬರು ಹಾಸಿಗೆಯಲ್ಲಿದ್ದರೂ ಮೂಡಲು ಕಪ್ಪಾಗಿಯೇ ಇರುತ್ತದೆ. ಅದಕ್ಕೇ ಮನೆಯವರೆಲ್ಲ ಎದ್ದರೆಂದು ತಿಳಿಸಲು ಪ್ರತಿ ಮನೆಯ ಕಟ್ಟೆಯ ಮೇಲೆ ಒಂದು ಹಣತೆ ಹಚ್ಚಿಡುವುದು ರೂಢಿ. ಕೊನೆಯ ಹಣತೆ ಹತ್ತಿ ಅದರ ಕುಡಿ ನೆಟ್ಟಗೆ ನಿಲ್ಲುವಷ್ಟರಲ್ಲಿ ಆಕಾಶ ಕೆಂಪಾಗುತ್ತದೆ. ನಮ್ಮ ಕೋಳಿಗಳು ಕೂಗುವುದೂ ಆ ಹಣತೆಯನ್ನು ನೋಡಿಯೇ. ಜಗಳವಾಡಿ ಮಲಗಿದವರು ತಡವಾಗಿ ಏಳುತ್ತಾರೆಂದು ಗಂಡಹೆಂಡಿರು ತಮ್ಮ ಜಗಳವನ್ನು ಊಟಕ್ಕೆ ಮುಂಚೆಯೇ ಮುಗಿಸಿಕೊಳ್ಳುತ್ತಾರೆ. ನೆಂಟರು ಬಂದರೆ ಅವರಿಗೆ ಊಟಕ್ಕೆ ಬಡಿಸುವ ಮೊದಲು, ನಿಮಗೆ ಬೆಳಗಿನ ನಿದ್ದೆ ಹೆಂಗೆ ಎಂದು ವಿಚಾರಿಸುತ್ತಾರೆ.

ಊರು ಅಂದರೆ ಬಳೆಯ ಹಾಗೆ ದುಂಡಗಿರುವ ಒಂದೇ ಓಣಿ. ಬಸವಣ್ಣನ ಕಲ್ಲಿನಿಂದ ಹೊರಟು ಬಲಕ್ಕೆ ನಡೆದರೆ ಎಲ್ಲ ಮನೆ ದಾಟಿ ತಿರುಗಿ ಅದೇ ಕಲ್ಲಿಗೆ ಬರುತ್ತೀರಿ. ಜಾಗಟೆ ಬಾರಿಸುತ್ತ, ಒಂದೊಂದು ಮನೆಯ ಮುಂದೆ ಒಳಗಿರುವವರ ಹೆಸರು ಹಿಡಿದು ಕೂಗುತ್ತ ಈ ಸುತ್ತು ಹಾಕುವುದು ನನ್ನ ಕಾಯಕ. ಅಪ್ಪನಿಂದ ನನಗೆ ಬಂದದ್ದು. ಮೂವತ್ತೊಂದು ವರ್ಷ ಕೂಗಿದ್ದೆ. ಮೈ ಮುಟ್ಟಿ ಎಬ್ಬಿಸುವ ಹಾಗಿಲ್ಲ. ನಿದ್ದೆಯಲ್ಲಿರುವವರು ಶಿವನ ಮಡಿಲಲ್ಲಿರುತ್ತಾರೆ, ಮಡಿಲಲ್ಲಿರುವ ಮಗುವನ್ನು ಕರೆಯಬಹುದು, ಎಳೆಯಬಾರದು ಎಂದು ಅಪ್ಪ ಹೇಳುತ್ತಿದ್ದ. ಹಾಗಿದ್ದರೂ ಜಾಗಟೆಯ ಸದ್ದಿಗೆ ಬೆಚ್ಚಿ ಎದ್ದವರ ಮುಖ ನೋಡಿದಾಗಲೆಲ್ಲ, ನಾನು ಕರೆಯುತ್ತಿಲ್ಲ, ಎಳೆಯುತ್ತಿದ್ದೇನೆ ಎಂದೇ ನನಗೆ ಅನ್ನಿಸುತ್ತಿತ್ತು.

ಹೊಳೆವ್ವ ಗುಡ್ಡದಾಚೆಯ ಊರಿನವಳು. ಅಲ್ಲಿ ಸೂರ್ಯ ತಾನಾಗಿಯೇ ಹುಟ್ಟುತ್ತಾನಂತೆ, ಯಾರು ಎಷ್ಟು ಮಲಗಿದರೂ ಅವನಿಗೆ ಲಕ್ಷ್ಯವಿಲ್ಲವಂತೆ. ಬಾಳವ್ವನ ಒಬ್ಬನೇ ಮಗ ಅಡಿವೆಪ್ಪ ಅಲ್ಲಿಯ ಸಂತೆಗೆ ಹಪ್ಪಳ ಮಾರಲು ಹೋದವನು ಇವಳ ನಗು ಕೇಳಿ ಬಂದ. ಎಚ್ಚರವಿದ್ದಾಗ ಆ ಹುಡುಗಿಯಂಥವಳು ಇನ್ನೊಬ್ಬಳಿಲ್ಲ. ನೀರಿಗೆ ಹೋದರೆ ಬಾವಿಯ ಕಟ್ಟೆಯೇ ನಗುತ್ತಿತ್ತು. ಮಲಗಿದಳೆಂದರೆ ಮಾತ್ರ ಮುಗಿಯಿತು. ಲೋಕದಲ್ಲಿ ಒಬ್ಬ ಹಗೆಯೂ ಇಲ್ಲದವರ ನಿದ್ದೆ ಅದು. ನಾನು ಕೂಗಿದರೆ ಒಳಗಿನಿಂದ, "ಹೂಂ, ಎದ್ನಿರಿ ಅಜ್ಜಾರ" ಎಂದು ಚೆನ್ನಾಗಿಯೇ ಹೇಳುತ್ತಿದ್ದಳು. ಎದ್ದು ಕೂರುತ್ತಲೂ ಇದ್ದಳು. ಕುಳಿತಲ್ಲೇ ತಿರುಗಿ ನಿದ್ದೆ ಹೋಗುತ್ತಿದ್ದಳು. ಗಂಡ ನೀರು ಚಿಮುಕಿಸಿದ, ಅತ್ತೆ ಮೆಣಸಿನಕಾಯಿ ಒಗ್ಗರಣೆ ಹಾಕಿ ಮನೆತುಂಬ ಘಾಟೆಬ್ಬಿಸಿದಳು. ಮನೆಯವರೆಲ್ಲ ಕೆಮ್ಮಿದರು, ಅವಳು ನಿದ್ದೆಯಲ್ಲೇ ಒಂದು ಸೀನು ಸೀನಿ ಮಗ್ಗುಲಾದಳು.

ಹೀಗೆ ದಿನಾ ಎರಡು ಗಳಿಗೆ ತಡವಾಗಿ ಬೆಳಗಾಗತೊಡಗಿತು. ಊರಿಗೆಲ್ಲ ತೊಂದರೆಯೇ, ಆದರೆ ಎಲ್ಲರಿಗಿಂತ ಹೆಚ್ಚು ಕಷ್ಟ ಬಾಳವ್ವನಿಗೆ. ಉದ್ದಿನ ಹಪ್ಪಳಕ್ಕೆ ಎಳೆಬಿಸಿಲು ಬೇಕು. ಮೊದಲ ಬಿಸಿಲು ಬೀಳದಿದ್ದರೆ ಹಪ್ಪಳ ಅಂಚಿನಲ್ಲಿ ಸೀಳುಬಿಡುತ್ತದೆ. ಅವಳು ಒಡೆದ ಹಪ್ಪಳಗಳ ಮೊರ ಹಿಡಿದುಕೊಂಡು ನನ್ನ ಮುಂದೆ ನಿಲ್ಲುತ್ತಿದ್ದಳು.

"ನೋಡ್ರಿ ಅಜ್ಜಾರ, ಈ ಕಲ್ಲಬಸವಣ್ಣನಾರ ಎದ್ದು ನಿಂತಾನು, ನನ್ನ ಸೊಸಿ ಏಳಂಗಿಲ್ಲ. ಹಪ್ಪಳ ಮಾರೂ ಮನಿಗೆ ಸೂರ್ಯನ್ನ ಕಟ್ಟಿ ಹಾಕೂ ಸೊಸಿ ಬಂದಾಳ!"

"ಹೊಸಾ ನೀರು, ಹೊಸಾ ನೆಲಾ, ಬಾಳವ್ವಾ. ಸ್ವಲ್ಪ ತಡಿ" ಎನ್ನುತ್ತಿದ್ದೆ.

"ಸೂರ್ಯನೂ ತಡದಾನ, ನಾನೂ ತಡದೀನಿ. ಹಪ್ಪಳ ತಡಿಯಂಗಿಲ್ರಿ!"

ಊರಿನ ಕಟ್ಟಳೆ ಹಳೆಯದು. ಒಬ್ಬರ ನಿದ್ದೆಯಿಂದ ಸತತ ಹನ್ನೊಂದು ದಿನ ಬೆಳಗು ತಡವಾದರೆ ಅವರನ್ನು ಎಲ್ಲೆಕಲ್ಲಿನ ಆಚೆ ಕಳಿಸಬೇಕು. ಮಲಗಲು ಬೇಕಾದಷ್ಟು ಊರುಗಳಿವೆ, ನಮ್ಮದೊಂದು ಬಿಟ್ಟು. ಹತ್ತನೆಯ ದಿನ ಸಂಜೆ ಊರ ಹಿರಿಯರಾದ ಗುರುಪಾದಪ್ಪನವರು ಬಸವಣ್ಣನ ಕಲ್ಲಿನ ಮುಂದೆ ಎಲ್ಲರನ್ನೂ ಕೂಡಿಸಿ, ನಾಳೆಯೂ ಹೀಗೇ ಆದರೆ ಗಾಡಿ ಹೂಡಿಸುತ್ತೇನೆ ಎಂದರು. ಅವರಿಗೂ ಖುಷಿಯಿರಲಿಲ್ಲ, ಮಾತು ಮುಗಿಸಿ ರುಮಾಲಿನಿಂದ ಮುಖ ಒರೆಸಿಕೊಂಡರು.

ಅಡಿವೆಪ್ಪ ಎದ್ದು ನಿಂತು, "ಆಕಿ ಹೋದ್ರ ನಾನೂ ಗಾಡ್ಯಾಗ ಕುಂದರ್ತೀನ್ರಿ" ಎಂದ.

ಅಲ್ಲಿಯವರೆಗೆ ಎಲ್ಲರಿಗಿಂತ ಜೋರಾಗಿ ಸೊಸೆಯನ್ನು ಬಯ್ಯುತ್ತಿದ್ದ ಬಾಳವ್ವ ತಟ್ಟನೆ ಸುಮ್ಮನಾದಳು. ಹಪ್ಪಳ ಉಳಿಸಿಕೊಳ್ಳಲು ಹೋಗಿ ಮಗನನ್ನೇ ಕಳೆದುಕೊಳ್ಳುತ್ತೇನೆಂದು ಅವಳಿಗೆ ಆಗ ಹೊಳೆದಿರಬೇಕು.

ನಾನು ಮನೆಗೆ ಹೊರಟಾಗ ಹೊಳೆವ್ವ ಹಿಂದಿನಿಂದ ಓಡಿ ಬಂದಳು. "ಅಜ್ಜಾರ, ನಾಳೆ ನನ್ನ ಹೆಸರು ಭಾಳ ಜೋರಾಗಿ ಕೂಗ್ರಿ."

"ಜೋರಾಗಿ ಕೂಗಿದ್ರ ಏಳ್ತೀಯೇನವ್ವಾ?"

"ಇಲ್ಲ ಅನಸ್ತೈತ್ರಿ. ಆದ್ರ ನೀವು ಕೂಗೀರಿ ಅಂತ ಊರಿಗೆ ಕೇಳಸ್ತೈತಿ. ನಿಮ್ಮ ಮ್ಯಾಲೆ ಮಾತು ಬರಬಾರದು."

ತನ್ನನ್ನು ಗಾಡಿ ಹತ್ತಿಸುವ ಹೊತ್ತಿನಲ್ಲಿ ನನ್ನ ಮಾನದ ಚಿಂತೆ ಮಾಡುವ ಮಗುವಿಗೆ, ಕೂಗುತ್ತೇನೆ ಎಂದು ಮಾತು ಕೊಟ್ಟೆ. ಅವತ್ತು ನನಗೇ ನಿದ್ದೆ ಬರಲಿಲ್ಲ.

ಹಾಗೆ ಬಂದದ್ದು ಆ ಮಂಜಿನ ಮುಂಜಾನೆ. ಕಣ್ಣು ಕಾಣದ್ದರಿಂದ ಗೋಡೆ ಸವರಿಕೊಂಡು ಬಸವಣ್ಣನ ಕಲ್ಲು ಹುಡುಕುತ್ತ ಬಂದೆ. ಕೈಗೆ ತಣ್ಣನೆಯ ಕಲ್ಲು ಸಿಕ್ಕಿತು, ನಮಸ್ಕಾರ ಮಾಡಿದೆ, ಜಾಗಟೆ ಬಾರಿಸಿದೆ. ಅಭ್ಯಾಸದ ಬಾಯಿ ಮೊದಲ ಮನೆಯವರ ಹೆಸರು ಕೂಗುವುದರಲ್ಲಿತ್ತು. ಅಷ್ಟರಲ್ಲಿ ಮೂಗಿಗೆ ಉದ್ದಿನ ಹಿಟ್ಟಿನ, ಇಂಗಿನ ವಾಸನೆ ಬಂತು. ನಾನು ನಮಸ್ಕಾರ ಮಾಡಿದ್ದು ಬಸವಣ್ಣನಿಗಲ್ಲ, ಬಾಳವ್ವನ ಒರಳುಕಲ್ಲಿಗೆ! ಅವಳದು ಸುತ್ತಿನ ಕೊನೆಯ ಮನೆ. ಅದನ್ನು ದಾಟಿದರೆ ಕಲ್ಲು. ಒಂದು ಮನೆ ಮೊದಲೇ ನಾನು ಸುತ್ತು ಶುರುಮಾಡಿಬಿಟ್ಟಿದ್ದೆ. ಜಾಗಟೆ ಬಾರಿಸಿದ ಮೇಲೆ ಹೆಸರು ಕೂಗದೆ ಹೋಗುವುದು ಸರಿಯಲ್ಲವೆಂದು ಬಾಳವ್ವನನ್ನೂ ಅಡಿವೆಪ್ಪನನ್ನೂ ಕೂಗಿ, ಮಾತು ಕೊಟ್ಟಂತೆ, "ಹೊಳೆವ್ವಾ!" ಎಂದು ಎದೆ ಬಿರಿಯುವಂತೆ ಕೂಗಿದೆ.

"ಹೂಂ, ಎದ್ನಿರಿ ಅಜ್ಜಾರ" ಎಂದಿತು ಅದೇ ಸಿಹಿ ದನಿ. ಆಮೇಲೆ ಮಾತಿಲ್ಲ.

ಹಣತೆ ಹತ್ತಲಿಲ್ಲ. ನಾನು ನಿಟ್ಟುಸಿರಿಟ್ಟು ಮುಂದೆ ನಡೆದು, ನಿಜವಾದ ಕಲ್ಲು ಮುಟ್ಟಿ, ಪದ್ಧತಿಯಂತೆ ಸುತ್ತು ಶುರುಮಾಡಿದೆ. ಒಂದೊಂದೇ ಮನೆ, ಒಂದೊಂದೇ ಹೆಸರು. ಮೊಣಕಾಲು ಕುಂಟುತ್ತ ಕುಂಟುತ್ತ ಬಳೆಯ ಅರ್ಧ ದಾಟಿತು, ಮುಕ್ಕಾಲು ದಾಟಿತು. ಹಿಂದೆ ಹಣತೆಗಳು ಮಂಜಿನೊಳಗೆ ಹಳದಿ ಹತ್ತಿಯ ಉಂಡೆಗಳಂತೆ ಕಾಣುತ್ತಿದ್ದವು. ಬಾಳವ್ವನ ಮನೆಯ ಮುಂದೆ ಮತ್ತೆ ಬಂದು ಕೋಲು ಎತ್ತಿದೆ, ಬಾರಿಸಲಿಲ್ಲ. ಕಟ್ಟೆಯ ಮೇಲೆ ಹಣತೆ ಉರಿಯುತ್ತಿತ್ತು. ಅದರ ಪಕ್ಕದಲ್ಲಿ ಹೊಳೆವ್ವ ತಲೆ ಬಾಚಿಕೊಂಡು ಕುಂಕುಮ ಇಟ್ಟುಕೊಂಡು ಕುಳಿತಿದ್ದಳು.

ನೋಡುತ್ತ ನಿಂತಿದ್ದ ಹಾಗೆಯೇ ಮಂಜು ಕೆಂಪಾಯಿತು.

"ಏನಾತವ್ವಾ?" ಎಂದೆ.

"ನೀವು ಕೂಗಿದ್ದು ಕೇಳಿಸ್ತ್ರಿ ಅಜ್ಜಾರ. ದಿನಾನೂ ಕೇಳಿಸ್ತೈತಿ. ಆದ್ರ ಕನಸಿನಾಗ ಎಲ್ಲಾರೂ ಕುಂತಿರ್ತಾರ, ಅವ್ವಾ, ಗೆಳತೇರು, ತವರಮನಿ ಆಕಳಾ. ಹೋಗಿ ಬರ್ತೀನಿ ಅಂತ ಹೇಳದನ ಹೆಂಗ ಎದ್ದು ಬರೂದು? ಹೇಳಾಕಂತ ಒಳಗ ಹೋದ್ರ ಹೊರಗ ಬರಾಕ ಆಗೂದಿಲ್ಲ, ನೀವಂತೂ ಹೋಗಿಬಿಟ್ಟಿರ್ತೀರಿ. ಇವತ್ತು ಎಲ್ಲಾರಿಗೂ ಹೇಳಿ ಮುಗಿಸೂದರಾಗ ದೂರದಾಗ ನಿಮ್ಮ ಜಾಗಟಿ ತಿರುಗಿ ಬರೂದು ಕೇಳಿಸ್ತು. ಊರಿಗೆ ಹೊಂಟವ್ರು ಗಾಡಿ ಬಂತು ಅಂದ್ರ ಏಳಂಗಿಲ್ಲೇನು, ಹಂಗ ಎದ್ದು ಬಂದೆ."

ಮೂವತ್ತೊಂದು ವರ್ಷ ಶಿವನ ಮಡಿಲಿನ ಬಾಗಿಲು ಬಡಿದಿದ್ದೆ. ಒಳಗಿದ್ದವರಿಗೆ ವಿದಾಯ ಹೇಳಲು ಹೊತ್ತು ಬೇಕೆಂದು ನನಗೆ ಒಂದು ದಿನವೂ ತೋಚಿರಲಿಲ್ಲ.

ಗುರುಪಾದಪ್ಪನವರು ಎತ್ತು ಹೂಡಿದ ಗಾಡಿಯೊಂದಿಗೆ ಬಂದಾಗ ಬಿಸಿಲು ಅವರ ಮುಖದ ಮೇಲೆಯೇ ಬಿತ್ತು. "ಅಲ್ಲಾ, ಗಾಡಿ ಹೂಡಿಸಿಬಿಟ್ಟೀನಲ್ಲ" ಎಂದು ಕಣ್ಣು ಕಿರಿದು ಮಾಡಿಕೊಂಡು ನಿಂತರು.

"ಹೂಡಿದ ಗಾಡಿ ಖಾಲಿ ಹೋಗಬಾರದ್ರಿ" ಎಂದಳು ಬಾಳವ್ವ. ಹಪ್ಪಳದ ಬುಟ್ಟಿಗಳನ್ನು ತಂದು ತಂದು ಗಾಡಿಯಲ್ಲಿಟ್ಟಳು. "ಬಂದದ್ದು ಬಂದೀರಿ, ಸಂತಿಗೆ ಮುಟ್ಟಿಸಿ ಬಿಡ್ರಿ." ಹಿರಿಯರು ಬೇರೆ ದಾರಿ ಕಾಣದೆ ಸಂತೆಗೆ ಹೋದರು.

ಮರುದಿನದಿಂದ ನಾನು ಬೇಕೆಂದೇ ಬಾಳವ್ವನ ಮನೆಯಲ್ಲಿ ಮೊದಲೊಮ್ಮೆ ಕೂಗಿ ಸುತ್ತು ಶುರುಮಾಡತೊಡಗಿದೆ. ದಿನವೂ ತಿರುಗಿ ಬರುವಷ್ಟರಲ್ಲಿ ಹಣತೆ ಉರಿಯುತ್ತಿತ್ತು. ಗುಟ್ಟು ಎಷ್ಟು ದಿನ ನಿಂತೀತು? ಹದಿನೈದು ದಿನಕ್ಕೆ ಊರೆಲ್ಲ ಕಲ್ಲಿನ ಮುಂದೆ ಸೇರಿತು. ಆಕೆಗೆ ಎರಡು ಕೂಗು, ನಮಗೆ ಒಂದೇ ಏಕೆ, ನಮ್ಮ ಕನಸಿನಲ್ಲಿ ಜನ ಇರುವುದಿಲ್ಲವೇ ಎಂದು ಗದ್ದಲ. ಗುರುಪಾದಪ್ಪನವರೇ ಮೆಲ್ಲಗೆ, "ಅಜ್ಜಾರ, ನನಗೂ ಎರಡಾದ್ರ ಅಡ್ಡಿಯಿಲ್ರಿ" ಎಂದರು. ಹೀಗೆ ಊರಿಗೆಲ್ಲ ಎರಡು ಸುತ್ತು ಎಂದಾಯಿತು. ಮೊದಲ ಕೂಗಿಗೆ ಎಚ್ಚರ, ಎರಡನೆಯದಕ್ಕೆ ಏಳುವುದು. ನಡುವೆ ಒಂದು ಸುತ್ತಿನ ನಿದ್ದೆ.

ಏನು ಹೇಳಲಿ, ಊರಿನ ಮುಖವೇ ಬದಲಾಯಿತು. ಎರಡನೆಯ ಕೂಗಿಗೆ ಜನ ನಗುತ್ತ ಹೊರಗೆ ಬರುತ್ತಿದ್ದರು. ಹಣತೆಗಳು ಒಂದರ ಹಿಂದೊಂದು ಪಟಪಟನೆ ಹತ್ತುತ್ತಿದ್ದವು. ಒಂದು ಸುತ್ತು ಹೆಚ್ಚಾಗಿಯೂ ಸೂರ್ಯ ಮೊದಲಿಗಿಂತ ಬೇಗ ಬರತೊಡಗಿದ.

ಒಳ್ಳೆಯದು ಸಿಕ್ಕರೆ ಅದನ್ನು ಇನ್ನಷ್ಟು ಒಳ್ಳೆಯದು ಮಾಡುವ ಚಟ ಮನುಷ್ಯರಿಗೆ. ಕೆಲವರು ಸುತ್ತು ದೊಡ್ಡದಾಗಲಿ ಎಂದರು. ಅವರ ಮಾತಿಗೆ ಒಂದು ದಿನ ಎರಡು ಸುತ್ತುಗಳ ನಡುವೆ ಬಸವಣ್ಣನ ಕಲ್ಲಿನ ಪಕ್ಕ ಕುಳಿತು ಸಾವಕಾಶವಾಗಿ ಜಪ ಮಾಡಿ ಎದ್ದೆ. ಊರು ಕೆಸರಿನಲ್ಲಿ ಎಮ್ಮೆ ಇಳಿದ ಹಾಗೆ ಇಳಿದುಬಿಟ್ಟಿತ್ತು. ಗುಡ್ಡದಾಚೆಯವರು ಮಧ್ಯಾಹ್ನದ ಊಟಕ್ಕೆ ಕೂತಾಗ ನಮಗೆ ಬೆಳಗಾಯಿತು. ಇನ್ನು ಕೆಲವರು, ಕೆಲಸ ಇದೆ, ಬೇಗ ಮುಗಿಯಲಿ ಎಂದರು. ಅವತ್ತು ನನ್ನ ಬದಲು ಅಡಿವೆಪ್ಪ ಓಡುತ್ತ ಸುತ್ತಿದ. ಎದ್ದವರೆಲ್ಲ ಮುಖ ಗಂಟಿಕ್ಕಿಕೊಂಡು ಎದ್ದರು. ಮೂರು ಮನೆಗಳಲ್ಲಿ ಹಾಲು ಉಕ್ಕಿತು, ಗುರುಪಾದಪ್ಪನವರು ತಮ್ಮ ಎತ್ತಿಗೆ ಬೈದು ಆಮೇಲೆ ಅದರ ಕ್ಷಮೆ ಕೇಳಿದರು. ಅಜ್ಜಾರ ಕುಂಟುನಡಿಗೆಯೇ ಸರಿ ಎಂದು ಎಲ್ಲರೂ ಒಪ್ಪಿದರು.

ಆದರೆ ಹೊಳೆವ್ವನ ತವರಿನಿಂದ ಅವಳ ತಾಯಿ ನನ್ನ ಮೊಣಕಾಲಿಗೆಂದು ಒಂದು ಸೀಸೆ ಎಣ್ಣೆ ಕಳಿಸಿದಳು. ಯಾವ ಬೇರೋ, ಯಾವ ಸೊಪ್ಪೋ. ತಿಂಗಳು ಹಚ್ಚಿದೆ, ನೋವು ಹೋಯಿತು. ಹನ್ನೆರಡು ವರ್ಷದ ನೋವು! ಶಿವನಿಗೆ ಕೈಮುಗಿದು ಅವತ್ತು ಗಾಳಿಯ ಹಾಗೆ ಊರು ಸುತ್ತಿದೆ. ಬಾಗಿಲುಗಳಿಂದ ಹೊರಬಂದವರ ಮುಖ ನೋಡಿದರೆ, ಅಡಿವೆಪ್ಪ ಓಡಿದ ದಿನದ ಅದೇ ಗಂಟು.

"ಅಜ್ಜಾರ, ನಿಮ್ಮ ಕಾಲು ನೆಟ್ಟಗಾತು ಅಂತ ಖುಷಿ ಐತ್ರಿ" ಎಂದರು ಗುರುಪಾದಪ್ಪನವರು. "ಆದ್ರ ಸ್ವಲ್ಪ ಕುಂಟಿದ್ರ ಹೆಂಗ?"

ಪ್ರಯತ್ನಿಸಿದೆ. ಶಿವ ನೆಟ್ಟಗೆ ಮಾಡಿದ ಕಾಲನ್ನು ಸುಮ್ಮನೆ ಕುಂಟಿಸುವುದು ಅವನಿಗೆ ಸುಳ್ಳು ಹೇಳಿದ ಹಾಗೆ ಅನ್ನಿಸಿತು. ಅದೂ ಅಲ್ಲದೆ ಸುಳ್ಳು ಕುಂಟು ದಿನಕ್ಕೊಂದು ಅಳತೆಗೆ ಬರುತ್ತದೆ. ಇವತ್ತು ಉದ್ದ, ನಾಳೆ ಗಿಡ್ಡ. ಹೊಳೆವ್ವನ ಹಣತೆ ಒಂದು ದಿನ ತಡವಾಯಿತು, ಮರುದಿನವೂ ತಡವಾಯಿತು. ಮೂರನೆಯ ದಿನ ಅವಳು ತೂಕಡಿಸುತ್ತ ಬಾಗಿಲಿಗೆ ಬಂದಳು. ಇನ್ನು ಎಂಟು ದಿನ ಹೀಗೇ ಹೋದರೆ ಕಟ್ಟಳೆ ಕಟ್ಟಳೆಯೇ, ಗಾಡಿ ಗಾಡಿಯೇ.

ಊರಿನ ಬಡಿಗ ಮೌನೇಶ ಗಡಿಯಾರವನ್ನೂ ರಿಪೇರಿ ಮಾಡುತ್ತಿದ್ದ. ಬಾಯಿ ತುಂಬ ಎಲೆಅಡಿಕೆ, ಕಣ್ಣಿಗೆ ದಾರ ಕಟ್ಟಿದ ಕನ್ನಡಕ. ಅವನೆಂದ, "ಅಜ್ಜಾರ ಹಳೇ ಮೊಣಕಾಲು ಗಡಿಯಾರದಾಗ ಕೂಡಸ್ತೀನ್ರಿ. ಒಂದು ಸಲ ಬಾರಿಸಲಿ, ತಲಿ ಮ್ಯಾಲೆ ತಟ್ಟಿದ್ರ ಸುಮ್ಮನಾಗಲಿ, ಒಂದು ಸುತ್ತು ಆದಮ್ಯಾಲೆ ತಿರುಗಿ ಬಾರಿಸಲಿ. ಆದ್ರ ಆ ಸುತ್ತು ಎಷ್ಟು ನಿಮಿಷ, ಅದನ್ನ ಹೇಳ್ರಿ."

ಯಾರಿಗೂ ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಊರೆಲ್ಲ ಮಲಗಿರುತ್ತಿತ್ತು, ನಾನು ಹೆಸರು ಎಣಿಸುತ್ತಿದ್ದೆನೇ ಹೊರತು ನಿಮಿಷವಲ್ಲ. ಕಾಲಂತೂ ನೆಟ್ಟಗಾಗಿ ಹೋಗಿದೆ, ತಿರುಗಿ ಅಳೆಯುವುದು ಹೇಗೆ? ಎಲ್ಲರೂ ತಲೆ ಕೆರೆದುಕೊಂಡು ಕುಳಿತಿದ್ದಾಗ ಹಿಂದಿನಿಂದ ಬಾಳವ್ವ, "ಹದಿನೆಂಟು ಹಪ್ಪಳ" ಎಂದಳು.

"ಏನಬೇ ಹಂಗಂದ್ರ?" ಎಂದ ಮೌನೇಶ.

"ಹಂಗಂದ್ರ ಹದಿನೆಂಟು ಹಪ್ಪಳ, ಮತ್ತೇನು? ನನಗ ಈ ವಯಸ್ಸಿನಾಗ ಎರಡನೇ ನಿದ್ದಿ ಎಲ್ಲಿ ಬರ್ತೈತಿ? ಮೊದಲ ಕೂಗಿಗೆ ಎದ್ದು ಆಕಿ ಹಾಸಿಗಿ ಬಾಜೂಕನ ಮಣಿ ಹಾಕ್ಕೊಂಡು ಲಟ್ಟಸ್ತಿದ್ದೆ. ಹದಿನೆಂಟು ಮುಗಿಯೂದರಾಗ ಅಜ್ಜಾರು ತಿರುಗಿ ಬರ್ತಿದ್ರು. ಒಂದು ದಿನಾನೂ ಹದಿನೇಳಿಲ್ಲ, ಹತ್ತೊಂಬತ್ತಿಲ್ಲ."

"ಎಣಸಿದ್ದು ಯಾಕತ್ತಿ?" ಎಂದಳು ಹೊಳೆವ್ವ. ಅವಳಿಗೂ ಇದು ಹೊಸ ಸುದ್ದಿ.

ಬಾಳವ್ವ ಸೆರಗಿನಿಂದ ಕೈ ಒರೆಸಿಕೊಂಡಳು, ಕೈಯಲ್ಲಿ ಹಿಟ್ಟೇನೂ ಇರಲಿಲ್ಲ. "ಇನ್ನೂ ಎಷ್ಟೊತ್ತು ಮಲಗಾಕ ಬಿಡಬಹುದು ಅಂತ ಎಣಸ್ತಿದ್ದೆ. ಅದರಾಗೇನೈತಿ, ಸುಮ್ಮನಿರು."

ಅಲ್ಲಿಯೇ ಮಣೆ ಬಂತು, ಲಟ್ಟಣಿಗೆ ಬಂತು, ಹಿಟ್ಟಿನ ಉಂಡೆ ಬಂತು. ಮೌನೇಶ ಕೈಯಲ್ಲಿ ಗಡಿಯಾರ ಹಿಡಿದು ಕುಕ್ಕರಗಾಲಿನಲ್ಲಿ ಕುಳಿತ. ಊರೆಲ್ಲ ಉಸಿರು ಬಿಗಿಹಿಡಿದು ಒಂದು, ಎರಡು ಎಂದು ಎಣಿಸಿತು. ಹದಿನೆಂಟನೆಯ ಹಪ್ಪಳ ಮೊರಕ್ಕೆ ಬಿದ್ದಾಗ ಒಂಬತ್ತು ನಿಮಿಷ. ಇನ್ನೊಮ್ಮೆ ಲಟ್ಟಿಸಿದಳು, ಒಂಬತ್ತು. ಮೂರನೆಯ ಸಲಕ್ಕೂ ಒಂಬತ್ತೇ.

"ಒಂಬತ್ತು ಅಂದ್ರ ಅರ್ಧಮರ್ಧ ಅನಸ್ತೈತಿ" ಎಂದರು ಗುರುಪಾದಪ್ಪನವರು. "ಹತ್ತು ಮಾಡಪಾ, ಲಕ್ಷಣ ಇರ್ತೈತಿ."

"ಹತ್ತಕ್ಕ ಇನ್ನೊಂದು ಹಲ್ಲಿನ ಗಾಲಿ ಬೇಕಾಗ್ತೈತ್ರಿ, ನನ್ನ ಕಡೆ ಇರೂ ಹಿತ್ತಾಳಿ ಇಷ್ಟ" ಎಂದು ಮೌನೇಶ ಎಲೆಅಡಿಕೆ ಉಗುಳಿ ಬಂದ. "ಮತ್ತ ಅಜ್ಜಾರ ಮೊಣಕಾಲು ಒಂಬತ್ತು ಅಂತೈತಿ. ಮೊಣಕಾಲಿಗಿಂತ ನೀವು ದೊಡ್ಡವ್ರೇನ್ರಿ?" ಊರೆಲ್ಲ ನಕ್ಕಿತು, ಗುರುಪಾದಪ್ಪನವರೂ ನಕ್ಕರು.

ಐದನೆಯ ದಿನಕ್ಕೆ ಮೊದಲ ಗಡಿಯಾರ ಸಿದ್ಧವಾಯಿತು. ಅದನ್ನು ಬಾಳವ್ವನ ಮನೆಯಲ್ಲಿಟ್ಟರು. ಬಾರಿಸಿತು, ನಿದ್ದೆಗಣ್ಣಿನ ಹೊಳೆವ್ವ ಕೈ ಚಾಚಿ, ಕೂಸನ್ನು ತಟ್ಟಿ ಮಲಗಿಸುವ ಹಾಗೆ ಅದರ ತಲೆ ತಟ್ಟಿದಳಂತೆ. ಒಂಬತ್ತು ನಿಮಿಷಕ್ಕೆ ಮತ್ತೆ ಬಾರಿಸುವಷ್ಟರಲ್ಲಿ ಹಣತೆಗೆ ಎಣ್ಣೆ ಹಾಕುತ್ತಿದ್ದಳಂತೆ. ಸೂರ್ಯ ಹೊತ್ತಿಗೆ ಸರಿಯಾಗಿ ಬಂದ. ಗುರುಪಾದಪ್ಪನವರು ಕಟ್ಟಳೆಯ ಗಾಡಿಯನ್ನು ಹಪ್ಪಳದ ಗಾಡಿ ಎಂದೇ ಬಿಟ್ಟುಕೊಟ್ಟರು. ವರ್ಷ ತುಂಬುವಷ್ಟರಲ್ಲಿ ಮನೆಮನೆಯಲ್ಲೂ ಒಂದೊಂದು ಗಡಿಯಾರ. ಸಂತೆಗೆ ಬಂದವರು ನೋಡಿ ತಮ್ಮ ತಮ್ಮ ಊರಿಗೂ ಒಯ್ದರು. ತಾನಾಗಿ ಸೂರ್ಯ ಹುಟ್ಟುವ ಊರಿನವರಿಗೆ ಅದು ಏಕೆ ಬೇಕೋ ನನಗೆ ತಿಳಿಯದು. ಅವರ ಕನಸಿನಲ್ಲಿಯೂ ಜನ ಇರಬೇಕು.

ಜಾಗಟೆಯನ್ನು ಮಾತ್ರ ಊರು ಬಿಡಲಿಲ್ಲ. ಗಡಿಯಾರಕ್ಕೆ ನಮ್ಮ ಹೆಸರು ಗೊತ್ತಿಲ್ಲ, ಅಜ್ಜಾರು ಒಂದು ಸುತ್ತು ಬರಲೇಬೇಕು ಎಂದರು. ಹೀಗಾಗಿ ಮೊದಲು ಬಾರಿಸುವುದು ಇವತ್ತಿಗೂ ನಾನು. ನನ್ನ ಕೂಗಿಗೆ ಎಚ್ಚರವಾದವರು ಗಡಿಯಾರದ ತಲೆ ತಟ್ಟಿ ಮಲಗುತ್ತಾರೆ, ಒಂಬತ್ತು ನಿಮಿಷಕ್ಕೆ ತಿರುಗಿ ಎಬ್ಬಿಸುವುದು ಅದರ ಪಾಲು.

ಮೊನ್ನೆ ಒಂದು ಮುಂಜಾನೆ ನನ್ನ ಬಾಗಿಲಲ್ಲಿ ಯಾರೋ ನನ್ನ ಹೆಸರು ಕೂಗಿದರು. "ರಾಚಯ್ಯಜ್ಜಾರ!" ಬೆಚ್ಚಿಬಿದ್ದೆ. ಎಲ್ಲರ ಹೆಸರು ಕೂಗಿದವನ ಹೆಸರನ್ನು ಆ ಹೊತ್ತಿನಲ್ಲಿ ಯಾರೂ ಕೂಗಿದ್ದಿಲ್ಲ. ಏಳಲು ಹೋದರೆ ಹೊಸ್ತಿಲಲ್ಲಿ ಹೊಳೆವ್ವ ನಿಂತಿದ್ದಳು, ಗೂಟದಲ್ಲಿದ್ದ ನನ್ನ ಜಾಗಟೆ ಆಗಲೇ ಅವಳ ಕೈಯಲ್ಲಿ.

"ಏಳಬ್ಯಾಡ್ರಿ" ಎಂದಳು ಮೆಲ್ಲಗೆ. "ಗಡಿಯಾರ ಬೇಗ ಬಾರಿಸೂ ಹಂಗ ಇಟ್ಟು ಎದ್ದು ಬಂದೀನ್ರಿ. ಅವತ್ತು ಮಂಜಿನಾಗ ನೀವು ಕೊಟ್ಟ ಸುತ್ತು ನನ್ನ ಹತ್ರನ ಉಳದೈತಿ. ಮಲಗ್ರಿ."

ಬೇಡವೆನ್ನಲು ಬಾಯಿ ತೆರೆದೆ. ಅವಳು ಹೊರಟಾಗಿತ್ತು. ತಲೆಯನ್ನು ಮತ್ತೆ ದಿಂಬಿಗಿಟ್ಟೆ. ಅವಳ ದನಿ ಒಂದೊಂದೇ ಹೆಸರು ಹಿಡಿದು ದೂರವಾಯಿತು, ಜಾಗಟೆ ಬಳೆಯ ಆಚೆ ಬದಿಗೆ ಹೋಗಿ ಸಣ್ಣದಾಯಿತು. ಆಮೇಲೆ ನಾನು ಎಲ್ಲಿಗೆ ಹೋದೆನೋ ಅಲ್ಲಿ ಅಪ್ಪ ಇದ್ದ, ಅವ್ವ ಇದ್ದಳು. ಯಾರೂ ಅವಸರ ಮಾಡಲಿಲ್ಲ. ಅಪ್ಪ ನನ್ನ ಮೊಣಕಾಲು ಮುಟ್ಟಿ ನೋಡಿ, ಗುಣವಾಗಿದೆಯಲ್ಲ ಎಂದ. ಹೋಗಿ ಬರುತ್ತೇನೆ ಎಂದು ಇಬ್ಬರಿಗೂ ಹೇಳಿದೆ. ಇಬ್ಬರೂ ತಲೆಯಾಡಿಸಿದರು.

ಎದ್ದು ಹೊರಗೆ ಬಂದಾಗ ಊರೆಲ್ಲ ಹಣತೆ ಹಚ್ಚಿಟ್ಟು ಕಟ್ಟೆಗಳ ಮೇಲೆ ಸುಮ್ಮನೆ ಕುಳಿತಿತ್ತು. ಕೋಳಿಗಳೂ ನನ್ನ ಮನೆಯ ಕಡೆಗೇ ಮುಖ ಮಾಡಿ ನಿಂತಿದ್ದವು. ನನ್ನ ಕಟ್ಟೆಯ ಹಣತೆಯ ಬತ್ತಿ ಹಚ್ಚಿದೆ. ಮೂಡಲು ಕೆಂಪಾಯಿತು. ಹೊಳೆವ್ವ ಸುತ್ತು ಮುಗಿಸಿ ಬಂದವಳು ಜಾಗಟೆಯನ್ನು ಸೆರಗಿನಿಂದ ಒಮ್ಮೆ ಒರೆಸಿ, ನನ್ನ ಕೈಗಿಟ್ಟು, ಹಪ್ಪಳ ಹರವಲು ಮನೆಗೆ ಹೋದಳು.